ಸೀಸೆಯ ಮೇಲಿನ ಚೀಟಿಯನ್ನು ಪ್ರಶ್ನಿಸಿದ ವಿಜ್ಞಾನಿ ಕರ್ನಲ್ ರಾಮನಾಥ ಚೋಪ್ರಾ

ಔಷಧ ಅಂಗಡಿಯಲ್ಲಿ ಕೊಂಡ ಮಾತ್ರೆಯ ಪಟ್ಟಿಯನ್ನು ತಿರುವಿ ನೋಡಿದರೆ ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಕೆಲವು ಸಾಲುಗಳು ಕಾಣುತ್ತವೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಹಾಗೂ ಒಂದೊಂದು ಮಾತ್ರೆಯಲ್ಲಿರುವ ಔಷಧದ ಪ್ರಮಾಣ. ಕೊಳ್ಳುವವರಲ್ಲಿ ಬಹುತೇಕರು ಇವನ್ನು ಓದುವುದಿಲ್ಲ. ಓದದೆಯೂ ನಂಬುತ್ತಾರೆ. ಮಾತ್ರೆಯ ಮೇಲೆ ಐನೂರು ಮಿಲಿಗ್ರಾಂ ಎಂದು ಬರೆದಿದ್ದರೆ ಒಳಗೆ ಅಷ್ಟೇ ಇದೆ ಎಂಬ ನಂಬಿಕೆಯ ಮೇಲೆ ವೈದ್ಯರ ಚೀಟಿಯೂ ರೋಗಿಯ ಪ್ರಾಣವೂ ನಿಂತಿವೆ.

ಭಾರತದಲ್ಲಿ ಈ ನಂಬಿಕೆಗೆ ಕಾನೂನಿನ ಆಧಾರ ದೊರೆತದ್ದು ತಡವಾಗಿ. ಇಪ್ಪತ್ತನೆಯ ಶತಮಾನದ ಮೊದಲ ನಲವತ್ತು ವರ್ಷಗಳ ಕಾಲ ಯಾರು ಬೇಕಾದರೂ ಯಾವ ಪುಡಿಯನ್ನಾದರೂ ಸೀಸೆಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿ ಮಾರಬಹುದಾಗಿತ್ತು. ಆ ಸ್ಥಿತಿಯನ್ನು ಬದಲಿಸಲು ಪ್ರಯೋಗಾಲಯದ ಒಳಗಿನಿಂದಲೇ ಹೊರಟವರು ಕರ್ನಲ್ ಸರ್ ರಾಮನಾಥ ಚೋಪ್ರಾ. ಭಾರತೀಯ ಔಷಧಶಾಸ್ತ್ರದ ಪಿತಾಮಹ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಅವರ ಹೆಸರನ್ನು ಕಲಿಯುತ್ತಾರೆ. ಆದರೆ ಅವರ ಸಾಧನೆ ಪಠ್ಯಪುಸ್ತಕದ ಒಂದು ಸಾಲಿಗಿಂತ ಹಿರಿದು. ಔಷಧವು ದೇಹದಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನೂ, ಸೀಸೆಯಲ್ಲಿ ನಿಜವಾಗಿ ಏನಿದೆ ಎಂಬ ಪ್ರಶ್ನೆಯನ್ನೂ ಅವರು ಎಂದೂ ಬೇರ್ಪಡಿಸಿ ನೋಡಲಿಲ್ಲ.

ಗುಜ್ರಾನ್‌ವಾಲಾದಿಂದ ಕೇಂಬ್ರಿಜ್‌ಗೆ

ರಾಮನಾಥ ಚೋಪ್ರಾ ಜನಿಸಿದ್ದು 1882ರ ಆಗಸ್ಟ್ 17ರಂದು, ಅವಿಭಜಿತ ಪಂಜಾಬಿನ ಗುಜ್ರಾನ್‌ವಾಲಾದಲ್ಲಿ. ಇಂದು ಆ ಊರು ಪಾಕಿಸ್ತಾನದಲ್ಲಿದೆ. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ, 1903ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಡೌನಿಂಗ್ ಕಾಲೇಜನ್ನು ಸೇರಿದರು. ಅಲ್ಲಿ ನಿಸರ್ಗ ವಿಜ್ಞಾನದಲ್ಲಿ ಪದವಿ ಪಡೆದು ಬಳಿಕ ವೈದ್ಯಕೀಯ ಶಿಕ್ಷಣವನ್ನು ಪೂರೈಸಿದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ವಾಲ್ಟರ್ ಡಿಕ್ಸನ್ ಎಂಬ ಗುರುವಿನ ಸಾನ್ನಿಧ್ಯ. ಬ್ರಿಟನ್ನಿನಲ್ಲಿ ಔಷಧಶಾಸ್ತ್ರವನ್ನು ಪ್ರಯೋಗವಿಜ್ಞಾನವಾಗಿ ರೂಪಿಸಿದ ಮೊದಲಿಗರಲ್ಲಿ ಡಿಕ್ಸನ್ ಒಬ್ಬರು. ಅಲ್ಲಿಯವರೆಗೆ ವೈದ್ಯಕೀಯ ಶಾಲೆಗಳಲ್ಲಿ ಔಷಧಗಳ ಪಾಠವೆಂದರೆ ಹೆಸರು, ಮೂಲ, ಬಣ್ಣ, ರುಚಿ ಮತ್ತು ಪ್ರಮಾಣಗಳ ಕಂಠಪಾಠವಾಗಿತ್ತು. ಇಂಥ ಬೇರನ್ನು ಇಂಥ ಕಾಯಿಲೆಗೆ ಇಷ್ಟು ಹನಿ ಕೊಡಬೇಕು ಎಂಬುದು ತಿಳಿದಿದ್ದರೆ ಸಾಕಿತ್ತು. ಹೊಸ ಶಾಸ್ತ್ರ ಅಷ್ಟಕ್ಕೆ ತೃಪ್ತಿಪಡಲಿಲ್ಲ. ಔಷಧ ರಕ್ತವನ್ನು ಸೇರುವುದು ಹೇಗೆ, ಯಾವ ಅಂಗದ ಮೇಲೆ ಕೆಲಸ ಮಾಡುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಯಾವ ದಾರಿಯಿಂದ ಹೊರಹೋಗುತ್ತದೆ, ಎಲ್ಲಿಯವರೆಗೆ ಅದು ಮದ್ದು, ಎಲ್ಲಿಂದ ಮುಂದೆ ವಿಷ ಎಂಬುದನ್ನು ಅಳೆದು ತೋರಿಸಬೇಕೆಂದು ಕೇಳಿತು. ಅಳೆಯುವ ಈ ಶಿಸ್ತನ್ನು ಚೋಪ್ರಾ ಕೇಂಬ್ರಿಜ್‌ನಲ್ಲಿ ರೂಢಿಸಿಕೊಂಡರು.

1908ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಆಯ್ಕೆಯಾದರು. ಅದು ಮೂಲತಃ ಸೇನಾ ವೈದ್ಯರ ಸೇವೆ. ಭಾರತೀಯರಿಗೆ ಅಲ್ಲಿ ಪ್ರವೇಶ ದೊರೆಯುತ್ತಿದ್ದುದು ವಿರಳ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪೂರ್ವ ಆಫ್ರಿಕಾದ ರಣರಂಗದಲ್ಲಿ ಸೇವೆ ಸಲ್ಲಿಸಿದರು. ಶತ್ರುವಿನ ಗುಂಡಿಗಿಂತ ಮಲೇರಿಯಾ, ಆಮಶಂಕೆಗಳೇ ಹೆಚ್ಚು ಸೈನಿಕರನ್ನು ಮಲಗಿಸಿದ ಯುದ್ಧವದು. ಅಂಥ ಕಡೆ ಕೈಯಲ್ಲಿರುವ ಕ್ವಿನೈನ್ ಮಾತ್ರೆಯಲ್ಲಿ ಕ್ವಿನೈನ್ ಇದೆಯೋ ಇಲ್ಲವೋ ಎಂಬುದು ಜೀವನ್ಮರಣದ ಪ್ರಶ್ನೆಯೇ ಆಗಿತ್ತು.

ಕಲ್ಕತ್ತಾದ ಪ್ರಯೋಗಾಲಯ

ಸರ್ ಲಿಯೊನಾರ್ಡ್ ರೋಜರ್ಸ್ ಅವರ ಪ್ರಯತ್ನದಿಂದ ಕಲ್ಕತ್ತಾದಲ್ಲಿ ಉಷ್ಣವಲಯ ವೈದ್ಯಕೀಯ ಶಾಲೆ ಆರಂಭವಾದಾಗ, 1921ರಲ್ಲಿ, ಅದರ ಮೊದಲ ಔಷಧಶಾಸ್ತ್ರ ಪ್ರಾಧ್ಯಾಪಕರಾಗಿ ಚೋಪ್ರಾ ನೇಮಕಗೊಂಡರು. ಮುಂದಿನ ಎರಡು ದಶಕಗಳ ಕಾಲ ಅದೇ ಅವರ ಕರ್ಮಭೂಮಿ. 1930ರ ದಶಕದಲ್ಲಿ ಅವರು ಆ ಸಂಸ್ಥೆಯ ನಿರ್ದೇಶಕರೂ ಆದರು.

ಅಂದಿನ ಭಾರತ ಪಾಶ್ಚಾತ್ಯ ಔಷಧಗಳಲ್ಲಿ ಹೆಚ್ಚಿನವನ್ನು ಹೊರದೇಶಗಳಿಂದಲೇ ತರಿಸಿಕೊಳ್ಳುತ್ತಿತ್ತು. ಪ್ರಫುಲ್ಲಚಂದ್ರ ರಾಯ್ ಅವರು ಕಟ್ಟಿದ ಬೆಂಗಾಲ್ ಕೆಮಿಕಲ್ಸ್‌ನಂಥ ಸ್ವದೇಶಿ ಉದ್ಯಮಗಳು ಇದ್ದವಾದರೂ ಅವು ಬೆರಳೆಣಿಕೆಯಷ್ಟು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ, ಬಂದರಿನ ಗೋದಾಮುಗಳಲ್ಲಿ ಬೆಂದು, ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಔಷಧ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆಯೇ ಎಂಬ ಸಂದೇಹಕ್ಕೆ ಪರೀಕ್ಷೆಯ ಮೂಲಕ ಉತ್ತರ ಹುಡುಕಲು ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಮುಂದಾದರು.

ಅವರು ಪರೀಕ್ಷೆಗೆ ಎತ್ತಿಕೊಂಡ ಔಷಧಗಳಲ್ಲಿ ಡಿಜಿಟಾಲಿಸ್ ಮುಖ್ಯವಾದುದು. ಯುರೋಪಿನ ಒಂದು ಹೂಗಿಡದ ಎಲೆಯಿಂದ ತಯಾರಾಗುವ ಇದು ಸೋತ ಹೃದಯಕ್ಕೆ ಬಲ ಕೊಡುತ್ತದೆ. ಆದರೆ ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಅಂದಿನ ರಸಾಯನಶಾಸ್ತ್ರಕ್ಕೆ ಅದರ ಶಕ್ತಿಯನ್ನು ನೇರವಾಗಿ ಅಳೆಯುವುದು ಸಾಧ್ಯವಿರಲಿಲ್ಲವಾದ್ದರಿಂದ ಪ್ರಾಣಿಗಳ ಹೃದಯದ ಮೇಲೆ ಪರಿಣಾಮ ನೋಡಿ ಶಕ್ತಿಯನ್ನು ನಿರ್ಧರಿಸುತ್ತಿದ್ದರು. ಉಷ್ಣದೇಶದ ಬಿಸಿಯಲ್ಲಿ ಡಿಜಿಟಾಲಿಸ್ ದ್ರಾವಣಗಳು ದುರ್ಬಲಗೊಳ್ಳುತ್ತವೆ ಎಂಬುದನ್ನು ಕಲ್ಕತ್ತಾದ ಪರೀಕ್ಷೆಗಳು ತೋರಿಸಿದವು.

ಇದರ ಅಪಾಯ ಎರಡು ಬಗೆಯದು. ಸತ್ತ್ವ ಕಳೆದುಕೊಂಡ ಸೀಸೆಯಿಂದ ಔಷಧ ಪಡೆದ ರೋಗಿ ಗುಣವಾಗುವುದಿಲ್ಲ. ಗುಣ ಕಾಣದ ವೈದ್ಯರು ಪ್ರಮಾಣವನ್ನು ಏರಿಸುತ್ತಾರೆ. ಮರುದಿನ ಹೊಸ ಸೀಸೆ ತೆರೆದಾಗ ಅದೇ ಏರಿಸಿದ ಪ್ರಮಾಣ ವಿಷವಾಗಿ ಪರಿಣಮಿಸುತ್ತದೆ. ಇಲ್ಲಿ ವೈದ್ಯರ ತಪ್ಪೂ ಇಲ್ಲ, ರೋಗಿಯ ತಪ್ಪೂ ಇಲ್ಲ. ಎರಡು ಸೀಸೆಗಳ ಮೇಲೂ ಒಂದೇ ಚೀಟಿ ಇರುವುದೇ ತಪ್ಪು. ಔಷಧಶಾಸ್ತ್ರ ಎಷ್ಟೇ ಮುಂದುವರಿದರೂ ಸೀಸೆಯೊಳಗಿನ ಶಕ್ತಿ ನಿಶ್ಚಿತವಾಗಿರದಿದ್ದರೆ ಅದು ವ್ಯರ್ಥ ಎಂಬ ಅರಿವು ಚೋಪ್ರಾ ಅವರ ಮುಂದಿನ ಎಲ್ಲ ಕೆಲಸಗಳ ಹಿಂದೆ ಇದೆ.

ಹಿತ್ತಲ ಗಿಡದ ಪರೀಕ್ಷೆ

ಇದೇ ಅವಧಿಯಲ್ಲಿ ಚೋಪ್ರಾ ದೇಶೀಯ ಔಷಧಗಳ ವ್ಯವಸ್ಥಿತ ಅಧ್ಯಯನವನ್ನು ಕೈಗೊಂಡರು. ಅವರ ಉದ್ದೇಶಗಳು ಸ್ಪಷ್ಟವಾಗಿದ್ದವು. ಔಷಧಗಳ ವಿಷಯದಲ್ಲಿ ದೇಶ ಸ್ವಾವಲಂಬಿಯಾಗಬೇಕು. ಆಯುರ್ವೇದ ಮತ್ತು ಯುನಾನಿ ಪರಂಪರೆಗಳ ಮದ್ದುಗಳಲ್ಲಿ ನಿಜವಾದ ಗುಣವುಳ್ಳವನ್ನು ಗುರುತಿಸಬೇಕು. ಬಡವನ ಕೈಗೆಟುಕುವ ಬೆಲೆಯಲ್ಲಿ ಚಿಕಿತ್ಸೆ ದೊರೆಯಬೇಕು. ಅಂತಿಮವಾಗಿ ಭಾರತಕ್ಕೆ ತನ್ನದೇ ಆದ ಔಷಧಕೋಶವೊಂದು ಸಿದ್ಧವಾಗಬೇಕು.

ಆಮಶಂಕೆಗೆ ಬಳಕೆಯಲ್ಲಿದ್ದ ಕೊಡಸಿಗದ ತೊಗಟೆ, ತೊನ್ನಿಗೆ ಹಚ್ಚುತ್ತಿದ್ದ ಬಾವಂಚಿಯ ಬೀಜ, ಹಿಮಾಲಯದ ಎಫೆಡ್ರಾ ಮೊದಲಾದವು ಅವರ ಪ್ರಯೋಗಾಲಯವನ್ನು ಹೊಕ್ಕವು. ಪರಂಪರೆಯ ಹೆಸರಿನಲ್ಲಿ ಯಾವುದಕ್ಕೂ ರಿಯಾಯಿತಿ ಇರಲಿಲ್ಲ. ಹಾಗೆಂದು ಹಳ್ಳಿಯ ಮದ್ದೆಂಬ ಕಾರಣಕ್ಕೆ ಯಾವುದೂ ಬಾಗಿಲಲ್ಲೇ ತಿರಸ್ಕೃತವಾಗಲಿಲ್ಲ. ಸಸ್ಯದ ಗುರುತು, ಅದರೊಳಗಿನ ಸಕ್ರಿಯ ವಸ್ತುವಿನ ಬೇರ್ಪಡಿಕೆ, ಪ್ರಾಣಿಗಳ ಮೇಲಿನ ಪರೀಕ್ಷೆ, ಆಸ್ಪತ್ರೆಯ ರೋಗಿಗಳಲ್ಲಿ ಎಚ್ಚರಿಕೆಯ ಬಳಕೆ ಎಂಬ ನಾಲ್ಕು ಮೆಟ್ಟಿಲುಗಳನ್ನು ಪ್ರತಿಯೊಂದೂ ಹತ್ತಬೇಕಿತ್ತು. ಈ ಶ್ರಮದ ಫಲವಾಗಿ 1933ರಲ್ಲಿ ಭಾರತದ ದೇಶೀಯ ಔಷಧಗಳನ್ನು ಕುರಿತ ಅವರ ಬೃಹತ್ ಗ್ರಂಥ ಪ್ರಕಟವಾಯಿತು. ದಶಕಗಳ ಕಾಲ ಅದು ಈ ಕ್ಷೇತ್ರದ ಆಕರಗ್ರಂಥವಾಗಿ ಉಳಿಯಿತು.

ಸರ್ಪಗಂಧದ ಕಥೆ ಈ ವಿಧಾನಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಈ ಪುಟ್ಟ ಗಿಡದ ಬೇರನ್ನು ಹಾವಿನ ಕಡಿತಕ್ಕೂ ಮತಿಭ್ರಮಣೆಗೂ ಬಳಸುವುದು ದೇಶದ ಹಲವೆಡೆ ರೂಢಿಯಲ್ಲಿತ್ತು. 1931ರಲ್ಲಿ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಇದು ಮಾನಸಿಕ ಉದ್ವೇಗವನ್ನೂ ಏರಿದ ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ವರದಿ ಮಾಡಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಅವರ ಸಹೋದ್ಯೋಗಿ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿದರು. 1933ರಲ್ಲಿ ಚೋಪ್ರಾ, ಗುಪ್ತಾ ಮತ್ತು ಮುಖರ್ಜಿ ಅವರ ತಂಡ ಬೇರಿನ ಆಲ್ಕಲಾಯ್ಡು ರಕ್ತದೊತ್ತಡವನ್ನು ಇಳಿಸುವುದನ್ನು ಪ್ರಯೋಗದಿಂದ ತೋರಿಸಿತು.

ಪಾಶ್ಚಾತ್ಯ ಜಗತ್ತು ಇದನ್ನು ಗಮನಿಸಲು ಹದಿನಾರು ವರ್ಷ ಬೇಕಾಯಿತು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು ಸರ್ಪಗಂಧದಿಂದ ರಕ್ತದೊತ್ತಡದ ರೋಗಿಗಳಲ್ಲಿ ಕಂಡ ಪರಿಣಾಮವನ್ನು ಬ್ರಿಟಿಷ್ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೆಸರ್ಪಿನ್ ಎಂಬ ಮುಖ್ಯ ಸತ್ತ್ವವನ್ನು ಶುದ್ಧರೂಪದಲ್ಲಿ ಪಡೆದರು. ಅಧಿಕ ರಕ್ತದೊತ್ತಡಕ್ಕೆ ಪರಿಣಾಮಕಾರಿ ಮದ್ದೇ ಅಪರೂಪವಾಗಿದ್ದ ಕಾಲದಲ್ಲಿ ಅದು ಲಕ್ಷಾಂತರ ಜನರಿಗೆ ನೆರವಾಯಿತು. ಹೆಚ್ಚಿನ ಪ್ರಮಾಣದಲ್ಲಿ ರೆಸರ್ಪಿನ್ ಪಡೆದ ಕೆಲವರು ತೀವ್ರ ಖಿನ್ನತೆಗೆ ಒಳಗಾದುದೂ 1950ರ ದಶಕದಲ್ಲಿ ವರದಿಯಾಯಿತು. ಗಿಡಮೂಲಿಕೆಯಿಂದ ಬಂದದ್ದೆಂಬ ಕಾರಣಕ್ಕೆ ಯಾವ ಔಷಧವೂ ನಿರಪಾಯಕಾರಿಯಲ್ಲ, ಪ್ರಮಾಣವೇ ಅದರ ಗುಣವನ್ನೂ ದೋಷವನ್ನೂ ನಿರ್ಧರಿಸುತ್ತದೆ ಎಂಬ ಔಷಧಶಾಸ್ತ್ರದ ಮೊದಲ ಪಾಠ ಇಲ್ಲಿ ಮತ್ತೊಮ್ಮೆ ದೃಢಪಟ್ಟಿತು.

ಅಫೀಮು, ಗಾಂಜಾಗಳ ಬಳಕೆಯ ಬಗೆಗೂ ಚೋಪ್ರಾ ದೀರ್ಘ ಅಧ್ಯಯನ ನಡೆಸಿದರು. ಅಳುವ ಹಸುಗೂಸುಗಳನ್ನು ಮಲಗಿಸಲು ತಾಯಂದಿರು ಅಫೀಮಿನ ಗುಳಿಗೆ ಕೊಡುತ್ತಿದ್ದ ಪದ್ಧತಿ ಆಗ ದೇಶದ ಹಲವು ಭಾಗಗಳಲ್ಲಿತ್ತು. ಹೊಲ ಹಾಗೂ ಗಿರಣಿಗಳಲ್ಲಿ ದುಡಿಯುವ ತಾಯಿಗೆ ಬೇರೆ ದಾರಿ ಇರಲಿಲ್ಲ. ಈ ಪದ್ಧತಿಯನ್ನೂ ಚೋಪ್ರಾ ವಿಜ್ಞಾನದ ಪರಿಶೀಲನೆಗೆ ಒಳಪಡಿಸಿ ಬರೆದರು.

ದೇಶ ಸುತ್ತಿದ ಸಮಿತಿ

1920ರ ದಶಕದ ಕೊನೆಯ ಹೊತ್ತಿಗೆ ಮಾರುಕಟ್ಟೆಯ ಸ್ಥಿತಿ ಸಾರ್ವಜನಿಕ ಚರ್ಚೆಯ ವಿಷಯವಾಯಿತು. ಮಲೇರಿಯಾದಿಂದ ನರಳುತ್ತಿದ್ದ ದೇಶದಲ್ಲಿ ಕಲಬೆರಕೆ ಕ್ವಿನೈನ್ ಹರಿದಾಡುತ್ತಿತ್ತು. ಎಲ್ಲ ಕಾಯಿಲೆಗಳಿಗೂ ರಾಮಬಾಣವೆಂದು ಸಾರುವ ಗುಪ್ತ ಮದ್ದುಗಳ ಜಾಹೀರಾತುಗಳು ಪತ್ರಿಕೆಗಳನ್ನು ತುಂಬಿದ್ದವು. ಭಾರತ ದಂಡ ಸಂಹಿತೆಯಲ್ಲಿ ಔಷಧ ಕಲಬೆರಕೆಗೆ ಶಿಕ್ಷೆ ವಿಧಿಸುವ ಕಲಮುಗಳು ಇದ್ದರೂ, ಕಲಬೆರಕೆಯನ್ನು ಪರೀಕ್ಷಿಸುವ ಪ್ರಯೋಗಾಲಯವಾಗಲಿ, ಶುದ್ಧವೆಂದರೆ ಏನೆಂದು ಹೇಳುವ ಮಾನದಂಡವಾಗಲಿ, ಅಂಗಡಿಗೆ ಹೋಗಿ ಮಾದರಿ ಎತ್ತುವ ಅಧಿಕಾರಿಯಾಗಲಿ ಇರಲಿಲ್ಲ.

1927ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಔಷಧಗಳ ಮೇಲೆ ನಿಯಂತ್ರಣ ಕೋರುವ ನಿರ್ಣಯ ಬಂದಿತು. ಮೂರು ವರ್ಷಗಳ ಬಳಿಕ, 1930ರ ಆಗಸ್ಟ್‌ನಲ್ಲಿ, ಸರ್ಕಾರ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಅಧ್ಯಕ್ಷರಾಗಿ ಚೋಪ್ರಾ ಆಯ್ಕೆಯಾದರು. ಮುಂಬಯಿಯ ಸಸ್ಯ ಹಾಗೂ ವಿಷವಿಜ್ಞಾನಿ ಫಾದರ್ ಕೇಯಸ್, ಎಚ್. ಕೂಪರ್ ಮತ್ತು ಮೌಲ್ವಿ ಅಬ್ದುಲ್ ಮತೀನ್ ಚೌಧರಿ ಸದಸ್ಯರಾಗಿದ್ದರು. ಸಮಿತಿ ದೇಶದಾದ್ಯಂತ ಸಂಚರಿಸಿ ವೈದ್ಯರು, ವ್ಯಾಪಾರಿಗಳು, ತಯಾರಕರು ಮತ್ತು ಅಧಿಕಾರಿಗಳ ಹೇಳಿಕೆಗಳನ್ನು ಸಂಗ್ರಹಿಸಿ 1931ರಲ್ಲಿ ವರದಿ ಒಪ್ಪಿಸಿತು.

ವರದಿಯ ಶಿಫಾರಸುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಕೇಂದ್ರ ಕಾನೂನು ಬೇಕು. ಆ ಕಾನೂನಿಗೆ ಕಣ್ಣಾಗಿ ಕೇಂದ್ರದಲ್ಲೂ ಪ್ರಾಂತಗಳಲ್ಲೂ ಪರೀಕ್ಷಾ ಪ್ರಯೋಗಾಲಯಗಳು ಬೇಕು. ಸರ್ಕಾರಕ್ಕೆ ಸಲಹೆ ನೀಡಲು ತಜ್ಞರ ಮಂಡಳಿ ಬೇಕು. ಔಷಧವನ್ನು ಮಿಶ್ರಮಾಡಿ ಕೊಡುವ ವ್ಯಕ್ತಿ ಆ ಶಾಸ್ತ್ರದಲ್ಲಿ ತರಬೇತಿ ಪಡೆದು ನೋಂದಣಿಯಾದವನೇ ಆಗಿರಬೇಕು. ಅಂದಿನ ದಿನಗಳಲ್ಲಿ ಡಾಕ್ಟರರ ಚೀಟಿ ಹಿಡಿದು ಮಿಕ್ಸ್ಚರ್ ಬೆರೆಸುತ್ತಿದ್ದ ಕಾಂಪೌಂಡರ್‌ಗೆ ಬಹಳ ಕಡೆ ಯಾವ ಶಿಕ್ಷಣವೂ ಇರುತ್ತಿರಲಿಲ್ಲ ಎಂಬುದನ್ನು ನೆನೆದರೆ ಕೊನೆಯ ಶಿಫಾರಸಿನ ತೂಕ ಅರ್ಥವಾಗುತ್ತದೆ.

ಇಪ್ಪತ್ತು ವರ್ಷಗಳ ವಿಳಂಬ

ವರದಿ ಸಿದ್ಧವಾಯಿತು. ಕಾನೂನು ಆಗಲಿಲ್ಲ. ಅದು ಆರ್ಥಿಕ ಮುಗ್ಗಟ್ಟಿನ ಕಾಲ, ಕಾನೂನುಭಂಗ ಚಳವಳಿಯ ಕಾಲ. 1935ರ ಭಾರತ ಸರ್ಕಾರ ಕಾಯಿದೆಯ ಪ್ರಕಾರ ಔಷಧಗಳ ವಿಷಯ ಪ್ರಾಂತಗಳ ಪಾಲಿಗೆ ಹೋದುದರಿಂದ ಕೇಂದ್ರ ಕಾನೂನಿನ ದಾರಿ ಮತ್ತಷ್ಟು ಜಟಿಲವಾಯಿತು.

ಚೋಪ್ರಾ ಕಾನೂನಿಗಾಗಿ ಕಾಯುತ್ತ ಕೂರಲಿಲ್ಲ. 1937ರಲ್ಲಿ ಕಲ್ಕತ್ತಾದಲ್ಲಿ ಜೀವರಾಸಾಯನಿಕ ಪ್ರಮಾಣೀಕರಣ ಪ್ರಯೋಗಾಲಯ ಅವರ ಮಾರ್ಗದರ್ಶನದಲ್ಲಿ ಆರಂಭವಾಯಿತು. ಅವರ ಶಿಷ್ಯ ಬಿಷ್ಣುಪದ ಮುಖರ್ಜಿ ಅಲ್ಲಿ ದುಡಿದರು. ಕಾನೂನು ಬರುವ ಮೊದಲೇ ಕಾನೂನಿಗೆ ಬೇಕಾದ ತಕ್ಕಡಿ ಸಿದ್ಧವಾಯಿತು. ಅದೇ ವರ್ಷ ಸರ್ಕಾರ ಆಮದು ಔಷಧಗಳಿಗೆ ಮಾತ್ರ ಅನ್ವಯಿಸುವ ಮಸೂದೆಯೊಂದನ್ನು ಮಂಡಿಸಿತು. ಅಷ್ಟು ಸಾಲದು, ದೇಶದೊಳಗಿನ ತಯಾರಿಕೆ ಮತ್ತು ಮಾರಾಟವೂ ನಿಯಂತ್ರಣಕ್ಕೆ ಬರಬೇಕೆಂದು ಪರಿಶೀಲನಾ ಸಮಿತಿ ಅಭಿಪ್ರಾಯಪಟ್ಟಿತು. ಪ್ರಾಂತಗಳ ಒಪ್ಪಿಗೆ ಪಡೆದು ಕೊನೆಗೆ 1940ರಲ್ಲಿ ಔಷಧ ಕಾಯಿದೆ ಜಾರಿಗೆ ಬಂದಿತು. ಅದರ ನಿಯಮಗಳು ರೂಪುಗೊಂಡದ್ದು 1945ರ ಡಿಸೆಂಬರಿನಲ್ಲಿ. ಪ್ರಾಂತಗಳಲ್ಲಿ ಆಡಳಿತ ಯಂತ್ರ ನಿಜವಾಗಿ ಕೆಲಸ ಆರಂಭಿಸಿದ್ದು 1947ರಲ್ಲಿ. ನಿರ್ಣಯದಿಂದ ನಿರೀಕ್ಷಕನವರೆಗೆ ಇಪ್ಪತ್ತು ವರ್ಷಗಳು ಸಂದವು.

ಇದೇ ಅವಧಿಯ ಅಮೆರಿಕದ ಘಟನೆಯೊಂದು ಇಲ್ಲಿ ಉಲ್ಲೇಖನೀಯ. 1937ರಲ್ಲಿ ಅಲ್ಲಿನ ಕಂಪನಿಯೊಂದು ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ ಕೈಗಾರಿಕಾ ದ್ರವದಲ್ಲಿ ಕರಗಿಸಿ ಮಾರಿತು. ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕ ಮಕ್ಕಳು, ಮೂತ್ರಪಿಂಡ ಕೆಟ್ಟು ಸತ್ತರು. ಮರುವರ್ಷವೇ, ಹೊಸ ಔಷಧದ ಸುರಕ್ಷತೆಯನ್ನು ಮಾರಾಟಕ್ಕೆ ಮೊದಲೇ ರುಜುವಾತುಪಡಿಸಬೇಕೆಂಬ ಕಾನೂನು ಅಲ್ಲಿ ಬಂದಿತು. ಅಮೆರಿಕವನ್ನು ಎಚ್ಚರಿಸಲು ಒಂದು ದುರಂತ ಬೇಕಾಯಿತು. ಭಾರತದಲ್ಲಿ ಎಚ್ಚರಿಕೆ ಮುದ್ರಿತ ವರದಿಯಾಗಿ ಆರು ವರ್ಷ ಮೊದಲೇ ಮೇಜಿನ ಮೇಲಿತ್ತು.

ಕಾಯಿದೆ ತಂದ ವ್ಯವಸ್ಥೆ ಇಂದಿಗೂ ಮೂಲರೂಪದಲ್ಲಿ ಉಳಿದಿದೆ. ಪರವಾನಗಿ ಇಲ್ಲದೆ ಔಷಧ ತಯಾರಿಸುವಂತಿಲ್ಲ, ಮಾರುವಂತಿಲ್ಲ. ಔಷಧ ನಿರೀಕ್ಷಕರು ಅಂಗಡಿಯಿಂದ ಅಥವಾ ಕಾರ್ಖಾನೆಯಿಂದ ಮಾದರಿ ಎತ್ತಿ, ಭಾಗಗಳಾಗಿ ವಿಂಗಡಿಸಿ ಮೊಹರು ಹಾಕುತ್ತಾರೆ. ಒಂದು ಭಾಗ ಮಾಲು ಕೊಟ್ಟವನ ಬಳಿ ಉಳಿಯುತ್ತದೆ. ಒಂದು ಸರ್ಕಾರಿ ವಿಶ್ಲೇಷಕರಿಗೆ ಹೋಗುತ್ತದೆ. ಇನ್ನೊಂದು ನ್ಯಾಯಾಲಯಕ್ಕೆಂದು ಕಾದಿರುತ್ತದೆ. ವಿಶ್ಲೇಷಣೆಯ ಬಗ್ಗೆ ವಿವಾದ ಎದ್ದರೆ ನ್ಯಾಯಾಲಯ ಆ ಭಾಗವನ್ನು ಕೋಲ್ಕತ್ತಾದ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅಲ್ಲಿನ ವರದಿಯೇ ಅಂತಿಮ. ಚೋಪ್ರಾ 1937ರಲ್ಲಿ ಆರಂಭಿಸಿದ ಪ್ರಯೋಗಾಲಯವೇ ಬೆಳೆದು ಈ ಕೇಂದ್ರೀಯ ಪ್ರಯೋಗಾಲಯವಾಗಿದೆ. ನೋಂದಾಯಿತ ಫಾರ್ಮಸಿಸ್ಟ್‌ನ ಶಿಫಾರಸು 1948ರ ಫಾರ್ಮಸಿ ಕಾಯಿದೆಯಾಗಿ ಫಲಿಸಿತು. ಚೋಪ್ರಾ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಪ್ರಕಟಿಸಿದ ಭಾರತೀಯ ಔಷಧಗಳ ಪಟ್ಟಿ, 1955ರಲ್ಲಿ ಬಂದ ಸ್ವತಂತ್ರ ಭಾರತದ ಮೊದಲ ಔಷಧಕೋಶಕ್ಕೆ ಬುನಾದಿಯಾಯಿತು.

ನಿವೃತ್ತಿಯ ನಂತರದ ದುಡಿಮೆ

1941ರಲ್ಲಿ ಚೋಪ್ರಾ ಅವರಿಗೆ ಸರ್ ಪದವಿ ಸಂದಿತು. ಅದೇ ವರ್ಷ ಕಲ್ಕತ್ತಾದ ಹುದ್ದೆಯಿಂದ ನಿವೃತ್ತರಾದರು. ವಿಶ್ರಾಂತಿಯ ಬದಲು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನಕ್ಕೆ ತೆರಳಿ, ಜಮ್ಮುವಿನಲ್ಲಿ ಔಷಧ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿ ಅದರ ಮೊದಲ ನಿರ್ದೇಶಕರಾದರು. ಹಿಮಾಲಯದ ಸಸ್ಯಸಂಪತ್ತು ಅವರ ಕಣ್ಣೆದುರಿಗೇ ಇತ್ತು. 1957ರಲ್ಲಿ ಆ ಪ್ರಯೋಗಾಲಯ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಆಡಳಿತಕ್ಕೆ ಸೇರಿತು. ಇಂದು ಅದು ಭಾರತೀಯ ಸಮಗ್ರ ಚಿಕಿತ್ಸಾ ಸಂಸ್ಥೆ ಎಂಬ ಹೆಸರಿನಲ್ಲಿ ಕಾರ್ಯ ನಿರ್ವಹಿಸುತ್ತಿದೆ. ಭಾರತದ ಔಷಧೀಯ ಸಸ್ಯಗಳ ಕೋಶವೊಂದನ್ನು ಸಹಲೇಖಕರೊಂದಿಗೆ ಅವರು 1956ರಲ್ಲಿ ಹೊರತಂದರು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸರ್ಕಾರ ಅವರಿಗೆ ಮತ್ತೊಂದು ಕಠಿಣ ಹೊಣೆ ಒಪ್ಪಿಸಿತು. ದೇಶೀಯ ವೈದ್ಯಪದ್ಧತಿಗಳ ಭವಿಷ್ಯವನ್ನು ಪರಿಶೀಲಿಸುವ ಸಮಿತಿಗೆ 1946ರಲ್ಲಿ ಅವರು ಅಧ್ಯಕ್ಷರಾದರು. 1948ರಲ್ಲಿ ಸಲ್ಲಿಸಿದ ವರದಿಯಲ್ಲಿ ಪಾಶ್ಚಾತ್ಯ ಹಾಗೂ ಭಾರತೀಯ ವೈದ್ಯಪದ್ಧತಿಗಳ ಸಮನ್ವಯವನ್ನು ಸಮಿತಿ ಸೂಚಿಸಿತು. ವಿಜ್ಞಾನಕ್ಕೆ ಪೂರ್ವ ಪಶ್ಚಿಮಗಳ ಭೇದವಿಲ್ಲ, ಪರೀಕ್ಷೆಯಲ್ಲಿ ಗೆದ್ದದ್ದು ಎಲ್ಲರಿಗೂ ಸೇರಬೇಕು ಎಂಬುದು ಅದರ ತಿರುಳು. ಆದರೆ ಸರ್ಕಾರ ಈ ಸಮನ್ವಯದ ಮಾರ್ಗವನ್ನು ಸ್ವೀಕರಿಸಲಿಲ್ಲ. ಪದ್ಧತಿಗಳು ಬೇರೆಬೇರೆಯಾಗಿಯೇ ಮುಂದುವರಿದವು. 1940ರ ಕಾಯಿದೆಯ ವ್ಯಾಪ್ತಿಯಿಂದ ಹೊರಗುಳಿದಿದ್ದ ಆಯುರ್ವೇದ ಮತ್ತು ಯುನಾನಿ ಔಷಧಗಳನ್ನು 1964ರ ತಿದ್ದುಪಡಿ ಒಳಗೆ ತಂದಿತಾದರೂ ಅವುಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಇರಿಸಿತು. ಒಂದೇ ಅಳತೆಗೋಲಿನ ಚೋಪ್ರಾ ಅವರ ಕನಸು ಅರ್ಧದಲ್ಲೇ ಉಳಿಯಿತು.

1948ರಲ್ಲಿ ಅವರು ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1973ರ ಜೂನ್ 13ರಂದು, ತೊಂಬತ್ತು ವರ್ಷಗಳ ತುಂಬು ಬಾಳನ್ನು ಮುಗಿಸಿ ಕಣ್ಮುಚ್ಚಿದರು. ಹತ್ತು ವರ್ಷಗಳ ನಂತರ, 1983ರಲ್ಲಿ, ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು.

ಮುಗಿಯದ ಕೆಲಸ

ಕಾನೂನು ಬಂದ ಮಾತ್ರಕ್ಕೆ ಸೀಸೆ ಶುದ್ಧವಾಗುವುದಿಲ್ಲ. 1937ರಲ್ಲಿ ಅಮೆರಿಕದಲ್ಲಿ ಕೊಂದ ಅದೇ ಡೈಎಥಿಲೀನ್ ಗ್ಲೈಕಾಲ್ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಹೆಸರಿನಲ್ಲಿ ರೋಗಿಗಳ ದೇಹ ಸೇರಿ 14 ಜನರನ್ನು ಬಲಿ ತೆಗೆದುಕೊಂಡಿತು. 2019–20ರ ಚಳಿಗಾಲದಲ್ಲಿ ಜಮ್ಮು ಪ್ರಾಂತದ ರಾಮನಗರದಲ್ಲಿ ಕೆಮ್ಮಿನ ಸಿರಪ್ ಕುಡಿದ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಚೋಪ್ರಾ ಪ್ರಯೋಗಾಲಯ ಕಟ್ಟಿದ ಜಮ್ಮು ನಗರ ಅಲ್ಲಿಂದ ಹೆಚ್ಚು ದೂರವಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್‌ವಾಡಾದಲ್ಲಿ ಅದೇ ದುರಂತ ಮರುಕಳಿಸಿತು. ಈ ವಿಷವನ್ನು ಪತ್ತೆಹಚ್ಚುವ ಪರೀಕ್ಷೆ ಹೊಸದಲ್ಲ, ಕಷ್ಟದ್ದೂ ಅಲ್ಲ. ಸಿರಪ್ ಸೀಸೆಗೆ ತುಂಬುವ ಮೊದಲು ಕಚ್ಚಾವಸ್ತುವಿನ ಡ್ರಮ್ಮಿನಿಂದ ಮಾದರಿ ತೆಗೆದು ನೋಡಬೇಕು, ಅಷ್ಟೇ.

ಕರ್ನಾಟಕವೂ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ಸಾವನ್ನಪ್ಪಿದಾಗ, ರಕ್ತನಾಳಕ್ಕೆ ನೀಡುವ ದ್ರಾವಣದ ಗುಣಮಟ್ಟದ ಬಗೆಗೇ ಅನುಮಾನ ಎದ್ದಿತು. ಅದರ ಬಳಕೆಯನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಆ ತಾಯಂದಿರಾಗಲಿ, ಅವರಿಗೆ ಸೂಜಿ ಚುಚ್ಚಿದ ದಾದಿಯರಾಗಲಿ ಬಾಟಲಿಯ ಮೇಲಿನ ಚೀಟಿಯನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ. ಅವರ ಪರವಾಗಿ ಪ್ರಶ್ನಿಸುವ ಕೆಲಸ ಪ್ರಯೋಗಾಲಯದ್ದು, ನಿರೀಕ್ಷಕರದ್ದು, ಕಾನೂನಿನದ್ದು.

1931ರ ವರದಿಯಲ್ಲಿ ಚೋಪ್ರಾ ಸಮಿತಿ ಕೇಳಿದ್ದು ಇದನ್ನೇ. ಪ್ರತಿ ಪ್ರಾಂತಕ್ಕೂ ಸಾಕಷ್ಟು ಪ್ರಯೋಗಾಲಯಗಳು, ತರಬೇತಿ ಪಡೆದ ಜನ, ರೋಗಿಯ ಬಾಯಿ ತಲುಪುವ ಮೊದಲೇ ಸೀಸೆಯನ್ನು ತಲುಪುವ ಪರೀಕ್ಷೆ. ಮಾದರಿಯ ವರದಿ ಕೈಸೇರುವ ಹೊತ್ತಿಗೆ ಆ ಬ್ಯಾಚಿನ ಮಾತ್ರೆಗಳು ಮಾರಾಟವಾಗಿ ಹೋಗಿದ್ದರೆ ಆ ವರದಿಯಿಂದ ರೋಗಿಗೆ ಪ್ರಯೋಜನವಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳು ಪೂರ್ತಿ ನಿಜವಾಗುವ ದಿನದವರೆಗೆ ಗುಜ್ರಾನ್‌ವಾಲಾದ ಈ ವಿಜ್ಞಾನಿಯ ಕೆಲಸ ಮುಗಿದಂತಾಗುವುದಿಲ್ಲ.